ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಗುಜರಿಗೆ

ಗುಜರಿ ಅಂಗಡಿಯವರಿಗೆ ಗೊತ್ತಿರುವುದು ಎರಡು ಬಗೆಯ ಜನ. ಹಳೆಯದನ್ನು ತಂದು ಸುರಿಯುವವರು, ಲಾರಿಯಲ್ಲಿ ತುಂಬಿಕೊಂಡು ಹೋಗುವವರು. ಜೇಬಿನಿಂದ ಅಯಸ್ಕಾಂತ ತೆಗೆದು ಒಂದೊಂದೇ ಸರಳಿಗೆ ಮುಟ್ಟಿಸಿ ನೋಡುವವರು ಬಂದರೆ, ಅವರು ಹ್ಯಾಮ್ ರೇಡಿಯೊದವರಿರಬಹುದು.

ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಪರವಾನಗಿ ಪಡೆದು, ಊರು ದೇಶ ದಾಟಿ ಮಾತಾಡುವ ಹವ್ಯಾಸ ಇದು. ಸೆಟ್ಟನ್ನು ಕೊಂಡುಕೊಂಡರೂ ಆಂಟೆನಾವನ್ನು ಕೈಯಾರೆ ಮಾಡಿಕೊಳ್ಳುವುದು ಈ ಬಳಗದ ರೂಢಿ. ಅದಕ್ಕೆ ಬೇಕಾದದ್ದು ಅಳತೆ. ಉದಾಹರಣೆಗೆ, 145 ಮೆಗಾಹರ್ಟ್ಸ್ ಅಲೆಯ ಉದ್ದ ಎರಡು ಮೀಟರಿಗಿಂತ ತುಸು ಹೆಚ್ಚು. ಅದರ ಅರ್ಧಕ್ಕಿಂತ ಕೊಂಚ ಕಡಿಮೆ, ಅಂದರೆ ಸುಮಾರು 98 ಸೆಂ.ಮೀ. ಸರಳನ್ನು ನಡುವೆ ತುಂಡರಿಸಿ ಕೇಬಲ್ ಜೋಡಿಸಿದರೆ ಡೈಪೋಲ್. ಅದರ ಹಿಂದೊಂದು ಉದ್ದದ ಸರಳು, ಮುಂದೊಂದು ಗಿಡ್ಡ ಸರಳು ನಿಲ್ಲಿಸಿದರೆ ಯಾಗಿ. 1926ರಲ್ಲಿ ಜಪಾನಿನಲ್ಲಿ ಇದರ ಕೆಲಸವನ್ನು ಬಹುಪಾಲು ಮಾಡಿದವರು ಶಿಂತಾರೊ ಉದಾ. ಜನರ ಬಾಯಲ್ಲಿ ಉಳಿದದ್ದು ಅವರ ಹಿರಿಯ ಸಹೋದ್ಯೋಗಿ ಯಾಗಿಯ ಹೆಸರು.

ಒಂದು ಕಾಲಕ್ಕೆ ನಮ್ಮ ಮಾಳಿಗೆಗಳ ಮೇಲೆ ದೂರದರ್ಶನ ಹಿಡಿಯುತ್ತಿದ್ದದ್ದೂ ಇದೇ ವಂಶದ್ದು. ಹಾಗಾಗಿ ಕಾಗೆ ಕೂತು ಕೂತು ಬಾಗಿದ ಹಳೆಯ ಟಿವಿ ಆಂಟೆನಾ ಗುಜರಿಯಲ್ಲಿ ಕಂಡರೆ ಬಿಡಬಾರದು. ಅದರ ಅಲ್ಯೂಮಿನಿಯಂ ಕೊಳವೆಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ಪೊಳ್ಳಾದರೆ ಕೊರತೆಯೇನಿಲ್ಲ: ಈ ಆವರ್ತನದಲ್ಲಿ ವಿದ್ಯುತ್ತು ಲೋಹದ ಮೈಮೇಲೆ, ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸಿನಲ್ಲೇ ಹರಿಯುತ್ತದೆ. ಗಟ್ಟಿ ಸರಳಿಗೆ ದುಡ್ಡು ಸುರಿಯುವುದು ದಂಡ.

ಮೋಸ ಮಾಡುವುದು ಪರದೆ ಕೋಲು. ಬೆಳ್ಳಗೆ ಹೊಳೆಯುತ್ತದೆ, ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ. ಒಳಗೆ ಕಬ್ಬಿಣ, ಲೇಪ ಕಿತ್ತು ಬಂದಮೇಲೆ ತುಕ್ಕು. ಹಾಗೆಂದು ಉಕ್ಕನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬಡಗಿಯ ಉಕ್ಕಿನ ಟೇಪನ್ನು ಕತ್ತರಿಸಿ ಪಿವಿಸಿ ಪೈಪಿಗೆ ಬಿಗಿದು ಮಾಡಿದ ಯಾಗಿ, ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ‘ನರಿ ಬೇಟೆ’ ಆಟದಲ್ಲಿ ಎಲ್ಲರ ಮೆಚ್ಚಿನದು. ಪೊದೆಯೊಳಗೆ ನುಗ್ಗಿದರೆ ಬಾಗುತ್ತದೆ, ಹೊರಬಂದರೆ ನೆಟ್ಟಗಾಗುತ್ತದೆ.

ಸರಳಿಗಾಗಿ ಹುಡುಕಬಹುದಾದ ಇನ್ನೂ ಎರಡು ಜಾಗಗಳಿವೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಥಿಂಗ್‌ಗೆ ಮಾರುವ 8 ಗೇಜ್ ತಾಮ್ರದ ತಂತಿ: ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದನ್ನು ಜಗ್ಗಿದರೆ ಸುರುಳಿ ನೇರವಾಗುತ್ತದೆ. ಗ್ಯಾಸ್ ವೆಲ್ಡಿಂಗ್‌ನವರ ಹಿತ್ತಾಳೆಯ ಬ್ರೇಜಿಂಗ್ ಕಡ್ಡಿಗೂ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಅಲ್ಯೂಮಿನಿಯಂ ಮಾತ್ರ ಹಟಮಾರಿ. ಸ್ಕ್ರೂ ಹಾಕಿಯೇ ಬಿಗಿಯಬೇಕು.

ನನ್ನ ಮೊದಲ ಯಾಗಿಗೆ ಆ ತಾಳ್ಮೆ ತೋರದೆ ತಾಮ್ರದ ಎಳೆಯನ್ನು ಕೊಳವೆಗೆ ಹಾಗೇ ಸುತ್ತಿಬಿಟ್ಟಿದ್ದೆ. ಒಂದು ಮಳೆಗಾಲ ಕಳೆಯುವುದರೊಳಗೆ ಎರಡು ಲೋಹ ಸೇರಿದಲ್ಲಿ ಬಿಳಿ ಪುಡಿ ಎದ್ದು ದನಿಯೆಲ್ಲ ಮಾಯ. ಈಗ ನಡುವೆ ತವರ ಲೇಪಿಸಿದ ಲಗ್ ಇಡುತ್ತೇನೆ. ಅದೇ ಗುಜರಿ ಕೊಳವೆಗಳನ್ನು ಕೈಯಲ್ಲಿ ಹಿಡಿದು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾಯುವ ಹತ್ತು ನಿಮಿಷ 145.800ಕ್ಕೆ ಕಿವಿಗೊಟ್ಟು ಮಾಳಿಗೆಯ ಮೇಲೆ ನಿಲ್ಲುತ್ತೇನೆ. ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯವರು ಕೇಳುತ್ತಾರೆ: “ಟಿವಿ ಬರ್ತಿಲ್ವಾ ಸಾರ್?”