ಸಣ್ಣ ಕರುಳಿಗೆ ಹರಡಿದ ಏಡಿಗಂತಿಯ ನಿದಾನ

ಇಂದು ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ಏಡಿಗಂತಿ ಸಣ್ಣ ಕರುಳಿನಲ್ಲಿಯೇ ಹುಟ್ಟುವುದು ವಿರಳ; ಅನ್ಯ ಅವಯವದಲ್ಲಿ ಹುಟ್ಟಿ ಅಲ್ಲಿಗೆ ಬಂದು ನೆಲಸುವುದುಂಟು. ಶ್ವಾಸಕೋಶ, ಸ್ತನಗಳ ಗಂತಿಯ ಕಣಗಳು ರಕ್ತದ ಮೂಲಕ ಬರುತ್ತವೆ. ಅಂಡಾಶಯದವು ಬಹುಮಟ್ಟಿಗೆ ಉದರದ ಒಳಪೊರೆಯನ್ನು ಹಿಡಿದು ಹಬ್ಬುತ್ತವೆ. ಆದರೆ ಸಣ್ಣ ಕರುಳನ್ನು ವಿಶೇಷವಾಗಿ ಅರಸಿ ಬರುವುದು ಚರ್ಮದ ಕಪ್ಪುಗಂತಿಯಾದ ಮೆಲನೋಮ. ನಮ್ಮ ಜನರಲ್ಲಿ ಅದು ಅನೇಕ ವೇಳೆ ಅಂಗಾಲಿನಲ್ಲಿ ಮೂಡುತ್ತದೆ. ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯಲ್ಲಿ ಗದ್ದೆ, ತೋಟ, ಕಡಲತಡಿಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರು ಆ ಕರಿಮಚ್ಚೆಯನ್ನು ಮುಳ್ಳಿನ ಕಲೆಯೆಂದು ಕಡೆಗಣಿಸಿದರೆ ಆಶ್ಚರ್ಯವಿಲ್ಲ. ಮಚ್ಚೆಯನ್ನು ಕತ್ತರಿಸಿ ತೆಗೆದು ಹತ್ತು ವರ್ಷ ಕಳೆದ ಮೇಲೂ ಅದರ ಸಂತತಿ ಕರುಳಿನಲ್ಲಿ ತಲೆಯೆತ್ತಬಹುದು.

ಲಕ್ಷಣಗಳು ದಾರಿ ತಪ್ಪಿಸುವಂಥವು. ಗಂತಿಯಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುತ್ತದೆ, ರೋಗಿ ಬಿಳಿಚಿಕೊಳ್ಳುತ್ತಾನೆ. ಕೊಕ್ಕೆಹುಳುವಿನ ಉಪದ್ರವವೆಂದು ಬಗೆದು ಕಬ್ಬಿಣದ ಗುಳಿಗೆ ಕೊಡುವುದರಲ್ಲಿ ತಿಂಗಳುಗಳು ಕಳೆಯುತ್ತವೆ. ಕರುಳು ಕಿರಿದಾದುದು ಕಂಡರೆ ಮೊದಲು ನೆನಪಾಗುವುದು ಕ್ಷಯ; ನಮ್ಮ ದೇಶದಲ್ಲಿ ಅದು ಅಕಾರಣವಲ್ಲ, ಆದರೆ ಅಂಗಾಂಶದ ಪರೀಕ್ಷೆಯಿಲ್ಲದೆ ಹಾಗೆಂದು ನಿರ್ಣಯಿಸುವುದು ಅಪಾಯಕರವೆಂದು ನಮ್ಮ ಅಭಿಪ್ರಾಯ. ಕೆಲವೊಮ್ಮೆ ಅಂಗಿಯ ತೋಳು ಒಳಮಗುಚಿದಂತೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಕ್ಕೆ ಸೇರಿ ಮಾರ್ಗವೇ ಕಟ್ಟುತ್ತದೆ. ಶಿಶುಗಳಲ್ಲಿ ಇದಕ್ಕೆ ಪ್ರಾಯಶಃ ಗಂತಿ ಕಾರಣವಲ್ಲ. ಪ್ರೌಢರಲ್ಲಿ ಅದನ್ನು ಹುಡುಕಲೇಬೇಕು.

ಹುಡುಕುವುದೆಂತು? ಬಾಯಿಂದ ಇಳಿಸುವ ಸಾಮಾನ್ಯ ದರ್ಶಕನಳಿಕೆ ಸಣ್ಣ ಕರುಳಿನ ಮೊದಲ ಭಾಗವನ್ನಷ್ಟೆ ಮುಟ್ಟುತ್ತದೆ. ಗುದದಿಂದ ಏರಿಸುವುದು ಅದರ ಕೊನೆಯ ಕೆಲವು ಅಂಗುಲಗಳನ್ನು. ನಡುವಿನ ಹಲವು ಮೀಟರುಗಳು ಬಹುಕಾಲ ವೈದ್ಯರಿಗೆ ಕತ್ತಲೆಯಾಗಿಯೇ ಉಳಿದಿದ್ದವು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾಮೆರಾ ಗುಳಿಗೆಯೂ, ಅದೇ ವರ್ಷ ಜಪಾನಿನ ಹಿರೊನೊರಿ ಯಮಾಮೊಟೊ ಪ್ರಕಟಿಸಿದ ಎರಡು ಬಲೂನುಗಳ ದರ್ಶಕವೂ ಆ ಕತ್ತಲೆಯನ್ನು ಹರಿದವು. ಗುಳಿಗೆ ಚಿತ್ರ ತೆಗೆಯಬಲ್ಲದು, ತುಣುಕು ತರಲಾರದು. ಕಿರಿದಾದೆಡೆಯಲ್ಲಿ ತಾನೇ ಸಿಕ್ಕಿಕೊಳ್ಳಲೂಬಹುದು. ಆದುದರಿಂದ ಮಾರ್ಗ ಕಟ್ಟಿದ ಶಂಕೆಯಿದ್ದರೆ ಮೊದಲು ಸಿ.ಟಿ. ಚಿತ್ರ ಬೇಕು. ಬಲೂನಿನ ದರ್ಶಕ ತುಣುಕನ್ನೂ ತರುತ್ತದೆ. ಅದರ ಮೇಲೆ ಎಸ್-100, ಎಚ್‌ಎಂಬಿ-45 ವರ್ಣಪರೀಕ್ಷೆಗಳು ಮೆಲನೋಮವನ್ನೂ, ಟಿಟಿಎಫ್-1 ಶ್ವಾಸಕೋಶದ ಮೂಲವನ್ನೂ ಸೂಚಿಸುತ್ತವೆ. ಯಾವ ಪರೀಕ್ಷೆ ಮಾಡಬೇಕೆಂಬುದು ಮಾತ್ರ ರೋಗಿಯ ಪೂರ್ವವೃತ್ತಾಂತ ತಿಳಿದವರಿಗೇ ಬೇಗ ಹೊಳೆಯುತ್ತದೆ.

ಈ ಮೂರು ತಾಲ್ಲೂಕುಗಳ ರೋಗಿಗಳು ಇಂಥ ಪರೀಕ್ಷೆಗಳಿಗಾಗಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳಿಗೆ ಹೋಗುತ್ತಾರೆ. ದಾರಿಯೂ ನಿರಪಾಯವಲ್ಲ: 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಸುಂಕದಕಟ್ಟೆಯ ಬಳಿ ಉರುಳಿ ನಾಲ್ವರು ಮೃತರಾದರು, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಎದ್ದಿತು. ಅಷ್ಟು ದೂರ ಹೋದವನು ಹಿಂದಿನ ಶಸ್ತ್ರಚಿಕಿತ್ಸೆಯ ವರದಿಯನ್ನು ಮನೆಯ ಪೆಟ್ಟಿಗೆಯಲ್ಲೇ ಬಿಟ್ಟು ಹೋದರೆ, ಅಲ್ಲಿನ ವೈದ್ಯರು ಅಂಗಾಲಿನ ಆ ಹಳೆಯ ಗಾಯದ ಗುರುತನ್ನು ತಾವೇ ಕಂಡುಹಿಡಿಯಬೇಕಾಗುತ್ತದೆ.