ಶೈತ್ಯಾಗಾರದ ಉಷ್ಣತೆಗೆ ನಂಬಲರ್ಹ ದಾಖಲೆ

ಶೈತ್ಯಾಗಾರದಲ್ಲಿರಿಸಿದ ಸರಕು ಕೆಟ್ಟು ವಿವಾದವುಂಟಾದಾಗ ಮೊದಲು ಏಳುವ ಪ್ರಶ್ನೆ: ಉಷ್ಣತೆ ಯಾವಾಗ, ಎಷ್ಟರಮಟ್ಟಿಗೆ ಏರಿತು? ಪಾಳಿಗೊಮ್ಮೆ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳು ಇದಕ್ಕೆ ಪೂರ್ಣ ಉತ್ತರ ನೀಡಲಾರವು. ಈ ಕೊರತೆಯನ್ನು ಅಲ್ಪ ವೆಚ್ಚದಲ್ಲಿ ನೀಗಿಸಲು ಒಂದೇ ಫಲಕದ ಮೇಲೆ ರಚಿತವಾದ ಪುಟ್ಟ ಗಣಕಯಂತ್ರಗಳು ನೆರವಾಗುತ್ತವೆ. 2012ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಇವುಗಳಲ್ಲಿ ಪ್ರಸಿದ್ಧವಾದುದು.

ಇದರ ಕಾರ್ಯವಿಧಾನ ಸರಳ. ಡಿಎಸ್18ಬಿ20 ಎಂಬ ಸಂವೇದಕವು −10ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಅರ್ಧ ಡಿಗ್ರಿಯ ನಿಖರತೆಯಿಂದ ಉಷ್ಣತೆಯನ್ನು ಅಳೆಯುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕ ಗುರುತುಸಂಖ್ಯೆ ಇರುವುದರಿಂದ ಹಲವು ಸಂವೇದಕಗಳನ್ನು ಒಂದೇ ದತ್ತಾಂಶ ತಂತಿಗೆ ಜೋಡಿಸಬಹುದು. ತಂತ್ರಾಂಶವು ನಿಮಿಷಕ್ಕೊಮ್ಮೆ ಅಳತೆಯನ್ನು ಓದಿ ವೇಳೆಯ ಸಮೇತ ದಾಖಲಿಸಿದರೆ, ಪ್ರತಿ ಸಂವೇದಕದಿಂದ ದಿನಕ್ಕೆ 1,440 ನಮೂದುಗಳು ದೊರೆಯುತ್ತವೆ.

ಆದರೆ ನಮೂದುಗಳ ಸಂಖ್ಯೆಯಿಂದಲೇ ದಾಖಲೆಗೆ ವಿಶ್ವಾಸಾರ್ಹತೆ ಬಾರದು. ಮೂರು ಅಂಶಗಳು ಗಮನಾರ್ಹ.

ಮೊದಲನೆಯದು ಗಡಿಯಾರ. 2023ರ ರಾಸ್ಪ್‌ಬೆರಿ ಪೈ 5ಕ್ಕಿಂತ ಹಿಂದಿನ ಸಾಮಾನ್ಯ ಮಾದರಿಗಳಲ್ಲಿ ಬ್ಯಾಟರಿ ಆಧಾರಿತ ಗಡಿಯಾರವಿಲ್ಲ. ವಿದ್ಯುತ್ ಕಡಿತದ ನಂತರ ಅಂತರಜಾಲ ಸಂಪರ್ಕವೂ ದೊರೆಯದಿದ್ದರೆ ನಮೂದುಗಳಲ್ಲಿ ತಪ್ಪು ವೇಳೆ ಸೇರುತ್ತದೆ. ಇದಕ್ಕೆ ಡಿಎಸ್3231 ಗಡಿಯಾರ ಘಟಕವನ್ನು ಜೋಡಿಸಬೇಕು. ಪೈ 5ಕ್ಕೆ ಬ್ಯಾಟರಿಯನ್ನು ಪ್ರತ್ಯೇಕವಾಗಿ ಅಳವಡಿಸಬೇಕು.

ಎರಡನೆಯದು ಸಂಗ್ರಹ. ಮೆಮೊರಿ ಕಾರ್ಡ್ ಸತತ ಬರವಣಿಗೆಯಿಂದ ಸವೆಯುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತ ಕೆಡಲೂಬಹುದು. ಆದ್ದರಿಂದ ಯುಪಿಎಸ್, ಎಸ್‌ಎಸ್‌ಡಿ ಹಾಗೂ ಬೇರೊಂದು ಗಣಕದಲ್ಲಿ ದೈನಂದಿನ ಪ್ರತಿ ಅವಶ್ಯ.

ಮೂರನೆಯದು ಅಂಕಿಗಳ ಶುದ್ಧತೆ. ವಿದ್ಯುತ್ ಬಂದೊಡನೆ ಈ ಸಂವೇದಕವು, ಅಳತೆ ಮಾಡುವ ಮೊದಲೇ, 85 ಡಿಗ್ರಿ ಎಂದು ತೋರಿಸುತ್ತದೆ. ಅದನ್ನು ಅಳಿಸದೆ, ದೋಷವೆಂದು ಗುರುತಿಸಿ ಉಳಿಸಬೇಕು. ತಪ್ಪಿಹೋದ ನಮೂದುಗಳನ್ನು ಅಂದಾಜಿನಿಂದ ತುಂಬಲಾಗದು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಕಡತದ ಒಂದಂಕಿ ಬದಲಾದರೂ ಈ ಮೌಲ್ಯ ಬದಲಾಗುತ್ತದೆ. ಪ್ರತಿದಿನದ ಮೌಲ್ಯವನ್ನು ಲೆಕ್ಕಪರಿಶೋಧಕರಂತಹ ಹೊರಗಿನವರಿಗೆ ಅಂದೇ ಮಿಂಚಂಚೆಯಲ್ಲಿ ಕಳುಹಿಸಿದರೆ, ನಂತರ ತಿದ್ದಿಲ್ಲವೆಂಬುದನ್ನು ತೋರಿಸುವುದು ಸುಲಭ.

ವ್ಯವಸ್ಥೆಯನ್ನು ಕೊಳ್ಳುವ ಮುನ್ನ ಈ ಅಂಶಗಳ ಬಗ್ಗೆ ಮಾರಾಟಗಾರರಿಂದ ಲಿಖಿತ ಭರವಸೆ ಪಡೆಯುವುದು ಉದ್ದಿಮೆದಾರರಿಗೆ ಕ್ಷೇಮಕರ.