ತೋಳಕ್ಕೆ ವಿಷ ಇಟ್ಟರೆ ಸಾಯುವುದು ಯಾರು?

ಎಳ್ಳು ಅಮಾವಾಸ್ಯೆಯ ಮರುದಿನ ನಸುಕಿನಲ್ಲಿ ನಮ್ಮ ಕುರಿಹಟ್ಟಿಯಿಂದ ತೋಳ ಎರಡು ಮರಿ ಹೊತ್ತೊಯ್ದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಎರಡು ಮರಿ ಅಂದರೆ ನಮ್ಮ ಮನೆಗೆ ಸಣ್ಣ ಲುಕ್ಸಾನಲ್ಲ. ಅವ್ವ ಆ ದಿನ ಊಟ ಮಾಡಲಿಲ್ಲ. ಕಾಕಾ ಸಿಟ್ಟಿನಿಂದ, "ಸತ್ತ ಕುರಿಗೆ ಎಣ್ಣಿ ಹಾಕಿ ಗುಡ್ಡದಾಗ ಇಟ್ರ ಒಂದ ರಾತ್ರ್ಯಾಗ ಎಲ್ಲಾ ಮುಗೀತೈತಿ" ಅಂದರು. ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧ. ಅಜ್ಜ ಬೇಡ ಅಂದರು. ಯಾಕೆ ಬೇಡ ಅನ್ನುವುದನ್ನು ಅಜ್ಜನಿಂದಲೂ ವಿಜ್ಞಾನದ ಗುರುಗಳಿಂದಲೂ ಕೇಳಿ ಬರೆದಿದ್ದೇನೆ.

ತೋಳ ನಾಯಿಯ ಬಳಗದ ಪ್ರಾಣಿ. ತೂಕ ಸುಮಾರು 20 ಕಿಲೋ. ದಟ್ಟ ಕಾಡು ಅದಕ್ಕೆ ಬೇಕಿಲ್ಲ. ಕುರುಚಲು ಗುಡ್ಡ, ಬೀಳು ಭೂಮಿ, ಬಯಲು ಅದರ ಮನೆ. ನಾವು ಕುರಿ ಮೇಯಿಸುವುದೂ ಅಲ್ಲಿಯೇ! ಚಿಗರಿ, ಮೊಲ, ಇಲಿ ಅದರ ಆಹಾರ. ಬೀಳು ಕಡಿಮೆಯಾದಂತೆ ಚಿಗರಿ ಕಡಿಮೆಯಾಗುತ್ತವೆ, ಆಗ ತೋಳ ಹಟ್ಟಿಯ ಕಡೆ ತಿರುಗುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ಚಳಿಗಾಲದಲ್ಲಿ ಅದು ಮರಿ ಹಾಕುತ್ತದೆ. ಹುಟ್ಟಿದಾಗ ಮರಿಗಳ ಕಣ್ಣು ಮುಚ್ಚಿರುತ್ತವೆ. ದೊಡ್ಡ ತೋಳಗಳು ತಿಂದು ಬಂದ ಮಾಂಸವನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ.

2022ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 3,100 ತೋಳಗಳಿವೆ. ಅದೇ ವರ್ಷದ ಗಣತಿಯ ಪ್ರಕಾರ ಹುಲಿಗಳು 3,682. ಅಂದರೆ ತೋಳ ಹುಲಿಗಿಂತ ಕಡಿಮೆ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೋಳ ಮೊದಲನೇ ಪಟ್ಟಿಯಲ್ಲಿದೆ, ಕೊಂದರೆ ಜೈಲು. ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ 2025ರಲ್ಲಿ ಸರ್ಕಾರ ತೋಳಧಾಮವನ್ನೇ ಮಾಡಿದೆ. ಆದರೆ ತೋಳಕ್ಕೆ ಧಾಮದ ಗಡಿ ಗೊತ್ತಿಲ್ಲ, ಹಸಿವು ಗೊತ್ತು.

ಈಗ ವಿಷದ ಮಾತು. ಮೂರು ವರ್ಷದ ಹಿಂದೆ ಯಾರೋ ಹೀಗೇ ಎಣ್ಣಿ ಇಟ್ಟಿದ್ದರು. ತೋಳ ಅದನ್ನು ಮೂಸಲೂ ಇಲ್ಲ. ಬೆಳಗಾದರೆ ಸತ್ತು ಬಿದ್ದಿದ್ದು ನಾಲ್ಕು ಕಾಗೆ, ಒಂದು ಹದ್ದು, ಮತ್ತು ನಮ್ಮ ಕರಿಯ. ಕರಿಯ ಇದ್ದಾಗ ಹಟ್ಟಿಯ ಬಾಯಲ್ಲೇ ಮಲಗುತ್ತಿತ್ತು. ಒಂದು ಮರಿಯೂ ಹೋಗಿರಲಿಲ್ಲ. ಆಮೇಲೆ ಅಂಥ ನಾಯಿ ಸಿಗಲಿಲ್ಲ. ಅಜ್ಜ ಕಾಕಾಗೆ ಹೇಳಿದ್ದು ಇಷ್ಟೇ: "ಎಣ್ಣಿ ಇಟ್ಟಿದ್ದು ತೋಳಕ್ಕ, ಸತ್ತದ್ದು ಕಾವಲ ನಾಯಿ. ಈಗ ಮರಿ ಹೋತು ಅಂತ ಅಳತೀರಿ."

ಹಾಗಾದರೆ ಏನು ಮಾಡಬೇಕು?

1. ಹಟ್ಟಿಗೆ ಎದೆಯೆತ್ತರ ಜಾಲಿಮುಳ್ಳಿನ ಬೇಲಿ ಹಾಕಬೇಕು. ಮರಿಗಳನ್ನು ನಡುವೆ ಬಲೆಯೊಳಗೆ ಕೂಡಬೇಕು. ನಮ್ಮ ಬೇಲಿ ಒಂದು ಕಡೆ ಹರಿದಿತ್ತು, ಅದನ್ನು ಕಟ್ಟುವ ಕೆಲಸ ನನಗೆ ಹೇಳಿದ್ದರು. ನಾನು ನಾಳೆ ಅಂದಿದ್ದೆ.

2. ಎರಡು ನಾಯಿ ಬೇಕು. ಅವಕ್ಕೆ ಹುಚ್ಚುರೋಗದ ಲಸಿಕೆ ಹಾಕಿಸಬೇಕು.

3. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕುರಿಯನ್ನು ಒಂಟಿ ಬಿಡಬಾರದು.

4. ಸತ್ತ ಕುರಿಯನ್ನು ಹಟ್ಟಿಯ ಹತ್ತಿರ ಎಸೆಯದೆ ಆಳವಾಗಿ ಹೂಳಬೇಕು. ವಾಸನೆಗೆ ತೋಳವೂ ಬೀದಿನಾಯಿಯೂ ಬರುತ್ತವೆ.

5. ತೋಳ ಕುರಿ ಕೊಂದರೆ ಹೆಣ ಸರಿಸದೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಬೇಕು. ಪರಿಹಾರ ಉಂಟು. ನಾವು ತಿಳಿಸಲಿಲ್ಲ, ನಮಗೆ ಸಿಗಲಿಲ್ಲ.

ಬೇಲಿಯನ್ನು ನಾನೇ ಕಟ್ಟಿದ್ದೇನೆ. ಕಾಕಾ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಮೊನ್ನೆ ಸಂತೆಯಿಂದ ಬರುವಾಗ ಎರಡು ನಾಯಿಮರಿ ತಂದಿದ್ದಾರೆ. ಒಂದು ಪೂರಾ ಕಪ್ಪು. ನಿಮ್ಮ ಮನೆಯಲ್ಲಿ ಯಾರಾದರೂ ಎಣ್ಣಿ ಮಾತು ಎತ್ತಿದರೆ ದಯವಿಟ್ಟು ನಮ್ಮ ಕರಿಯನ ಸುದ್ದಿ ಹೇಳಿರಿ.